ನಲವತ್ತರಲ್ಲೊಂದು ಪಾಲು

ಹೆಂಡತಿಯ ತವರಿನಲ್ಲೇ ಸಂಸಾರ ಹೂಡಿದ ಗಂಡಸಿಗೆ ಆ ಮನೆಯಲ್ಲಿ ಒಂದು ಹುದ್ದೆ ಖಾಯಂ ಆಗಿಬಿಡುತ್ತದೆ. ನನಗೆ ಸಿಕ್ಕಿದ್ದು ಬಾಳೆಎಲೆ ಒರೆಸುವ ಹುದ್ದೆ.

ಶಕ್ತಿನಗರದ ಈ ಮನೆ ನನ್ನ ಅತ್ತೆಯದ್ದು. ಅತ್ತೆಗೆ ಅದು ಅವರ ತಾಯಿಯಿಂದ ಬಂತು, ಮುಂದೆ ನನ್ನ ಹೆಂಡತಿ ವಿಜೇತಾಳಿಗೆ, ಆಮೇಲೆ ಮಗಳು ಪ್ರಾಪ್ತಿಗೆ. ನಮ್ಮಲ್ಲಿ ಮನೆತನ ಹೆಂಗಸರ ಕಡೆಯಿಂದ ಇಳಿಯುವುದು. ಅಳಿಯನಾದವನು ಚಪ್ಪಲಿ ಸ್ಟ್ಯಾಂಡಿನ ಹಾಗೆ; ಇದ್ದರೆ ಅನುಕೂಲ, ಆದರೆ ಒಳಗಿನ ವಸ್ತುವಲ್ಲ. ವರ್ಷಕ್ಕೊಮ್ಮೆ ಮಳೆಗಾಲದ ಆಟಿ ತಿಂಗಳಲ್ಲಿ ತೀರಿಹೋದವರಿಗೆ ಎಲೆ ಹಾಕಿ ಬಡಿಸುವಾಗ ಇದು ಚೆನ್ನಾಗಿ ಗೊತ್ತಾಗುತ್ತದೆ. ಅಡುಗೆ ಅತ್ತೆ ಅಪ್ಪಿಯಮ್ಮನದ್ದು. ಗದರಿಸುವ ಖಾತೆ ವಿಜೇತಾಳದ್ದು. ಬಡಿಸುವ ಅಧಿಕಾರ ಅವಳ ತಮ್ಮ ಮುಖೇಶನದ್ದು. ಅದಕ್ಕೆಂದೇ ಅವನು ಮಸ್ಕತ್ತಿನಿಂದ ರಜೆ ಹಾಕಿ ಬರುತ್ತಾನೆ. ನಾನು ಮೂಲೆಯಲ್ಲಿ ಕೂತು ಒದ್ದೆ ಬಟ್ಟೆಯಿಂದ ಎಲೆ ಒರೆಸುತ್ತೇನೆ. (ಚೆನ್ನಾಗಿಯೇ ಒರೆಸುತ್ತೇನೆ. ಆದರೆ ಎಲೆ ಒರೆಸಿದವನನ್ನು ಇತಿಹಾಸ ನೆನಪಿಡುವುದಿಲ್ಲ.)

ಈ ಸಲ ಮುಖೇಶನಿಗೆ ರಜೆ ಸಿಗಲಿಲ್ಲ. ಅತ್ತೆ ನನ್ನನ್ನು ಕರೆದು ಹೇಳಿದರು:

"ಈ ವರ್ಷ ನೀವೇ ಬಡಿಸಿ. ಸರಿಯಾಗಿ ಆಯ್ತು ಅಂತಾದ್ರೆ ಮುಂದಕ್ಕೂ ನಿಮಗೇ. ಅವನು ಪಾಪ, ಪ್ರತಿ ವರ್ಷ ಅಲ್ಲಿಂದ ಓಡಿ ಬರುವುದು ಬೇಡ."

"ಸರಿ ಆಗದಿದ್ರೆ?"

ಅತ್ತೆ ಮೂಲೆಯಲ್ಲಿದ್ದ ಒದ್ದೆ ಬಟ್ಟೆಯನ್ನು ಒಮ್ಮೆ ನೋಡಿದರು, ಅಷ್ಟೆ.

ಅದು ನನ್ನ ಪಟ್ಟಾಭಿಷೇಕದ ಘೋಷಣೆ ಎಂದು ನಾನು ತಿಳಿದೆ. ಈ ಮನೆಯಲ್ಲಿ ನನಗೊಂದು ಸ್ಥಾನ! ಹೊಸ ಬಿಳಿ ಪಂಚೆ ತಂದೆ. ಕನ್ನಡಿಯ ಮುಂದೆ ಗಂಭೀರವಾಗಿ ಕೆಮ್ಮುವುದನ್ನು ಅಭ್ಯಾಸ ಮಾಡಿದೆ. ಯಾಕೆಂದರೆ ಬಡಿಸಿ ಆದಮೇಲೆ ಕೋಣೆಯ ಬಾಗಿಲು ಮುಚ್ಚಿ, ಎಲ್ಲರೂ ಹೊರಗೆ ಸದ್ದಿಲ್ಲದೆ ಕೂರಬೇಕು. ಒಳಗಿನವರ ಊಟ ಆಯಿತು ಅನ್ನಿಸಿದಾಗ ಬಡಿಸಿದವನು ಕೆಮ್ಮಿ, ಬಾಗಿಲು ತಟ್ಟಿ, ತೆರೆಯಬೇಕು. ಆ ಕೆಮ್ಮಿನಲ್ಲೇ ಯಜಮಾನಿಕೆ ಇರುವುದು.

ಈಗ ಒಳಗಿನವರ ಬಗ್ಗೆ ಹೇಳಬೇಕು. ಅತ್ತೆಗೆ ಇಬ್ಬರು ಅಣ್ಣಂದಿರಿದ್ದರು, ಮಾಯಿಲಪ್ಪ ಮತ್ತು ಕಿಟ್ಟು. ಇಬ್ಬರೂ ಇದೇ ಮನೆಯಲ್ಲಿ ಬಾಳಿ, ಇದೇ ಮನೆಯಲ್ಲಿ ತೀರಿಹೋದವರು. ಬದುಕಿದ್ದಷ್ಟು ಕಾಲ ಇಬ್ಬರ ಕೆಲಸ ಒಂದೇ: ಇನ್ನೊಬ್ಬನ ಬಟ್ಟಲಲ್ಲಿ ಎಷ್ಟು ಉಂಟು ಎಂದು ನೋಡುವುದು. ಹುರಿದ ಬಂಗುಡೆ ಮೀನಿಗೆ ದಾರ ಹಿಡಿದು ಅಳೆದವರು ಅವರು. ಒಮ್ಮೆ ರಾಗಿ ಮಣ್ಣಿಯ ಒಂದು ತುಂಡು ದೊಡ್ಡದಾಯಿತೆಂದು ಇಡೀ ಮಳೆಗಾಲ ಮಾತು ಬಿಟ್ಟರಂತೆ. ಏನಿದ್ದರೂ ತಂಗಿಯ ಮೂಲಕ. "ಅಪ್ಪೀ, ಅವನಿಗೆ ಹೇಳು, ಕೊಡೆ ನನ್ನದು ಅಂತ." "ಅಪ್ಪೀ, ಅವನಿಗೆ ಹೇಳು, ಮಳೆಯೂ ಅವನದ್ದೇ ಅಂತ." ಕೊನೆಗೆ ಅವರ ತಾಯಿ ಒಂದೇ ಅಳತೆಯ ಎರಡು ಹಿತ್ತಾಳೆ ತಟ್ಟೆ ತಂದು, ಒಬ್ಬೊಬ್ಬನ ಮಣ್ಣಿಗೆ ಒಂದೊಂದು ತಟ್ಟೆ ಎಂದು ಕಾನೂನು ಮಾಡಿದರು. ಇದರಿಂದ ಅದಕ್ಕೆ ಒಂದು ಚೂರೂ ದಾಟಬಾರದು. ಉದ್ದ ಚೌಕದ ಆ ತಟ್ಟೆಗಳು ಇವತ್ತಿಗೂ ಇವೆ. ಆ ಕಾನೂನೂ ಇದೆ. ರಾಗಿಯ ಹಾಲು, ಬೆಲ್ಲ, ತೆಂಗಿನ ಹಾಲು ಹಾಕಿ ಕಾಯಿಸಿದ ಮಣ್ಣಿಯನ್ನು ಅತ್ತೆ ಎರಡೂ ತಟ್ಟೆಗೆ ಸಮನಾಗಿ ಸುರಿಯುತ್ತಾರೆ. ತಣಿದು ಗಟ್ಟಿಯಾದ ಮೇಲೆ ಬಡಿಸುವವನು ಕೊಯ್ಯಬೇಕು.

ಆ ದಿನ ಸಂಜೆ ಕೋಳಿ ಸಾರು, ರೊಟ್ಟಿ, ಹುಳಿ ಖಾರದ ಬಂಗುಡೆ ಪುಳಿಮುಂಚಿ ಎಲ್ಲ ತಯಾರಾಯಿತು. ನಾನು ಕತ್ತಿ ಹಿಡಿದು ಮಾಯಿಲಪ್ಪ ಮಾವನ ತಟ್ಟೆಯ ಮುಂದೆ ಕೂತೆ.

"ಐದು ತುಂಡು," ಎಂದರು ಅತ್ತೆ.

ಉದ್ದುದ್ದಕ್ಕೆ ಐದು ಮಾಡಿದೆ. ಕಿಟ್ಟು ಮಾವನ ತಟ್ಟೆಗೆ ಕೈ ಹಾಕುವಾಗ ಮಸ್ಕತ್ತಿನಿಂದ ವಿಡಿಯೋ ಕಾಲ್ ಬಂತು. ಮುಖೇಶ ಫೋನಿನೊಳಗಿಂದ ಬೊಬ್ಬೆ ಹಾಕಿದ, "ಭಾವ, ಎಂಟು ಮಾಡಿ! ನಾನು ಯಾವಾಗ್ಲೂ ಎಂಟೇ ಮಾಡುವುದು!"

ಒಂದು ಕಡೆ ಅತ್ತೆ, ಇನ್ನೊಂದು ಕಡೆ ಭಾವಮೈದ. ಇಬ್ಬರ ಮಾತನ್ನೂ ಮೀರದ ಮುತ್ಸದ್ದಿ ನಾನು. ಎರಡನೆಯದನ್ನು ಎಂಟು ಮಾಡಿದೆ.

ಇನ್ನೊಂದು ಎಲೆ ಉಂಟು, ಹೆಸರು ಮರೆತುಹೋದವರದ್ದು. ಅದಕ್ಕೆ ಎರಡೂ ತಟ್ಟೆಯಿಂದ ಸ್ವಲ್ಪ ತೆಗೆದಿಡಬೇಕು. ಮಾಯಿಲಪ್ಪ ಮಾವನದ್ದು ದೊಡ್ಡ ತುಂಡು, ಎರಡು ತೆಗೆದೆ. ಕಿಟ್ಟು ಮಾವನದ್ದು ಸಣ್ಣದು, ಮೂರು ತೆಗೆದೆ. ಉಳಿದದ್ದನ್ನು ಅವರವರ ಎಲೆಗೆ ಹಾಕಿ, ಒಬ್ಬೊಬ್ಬರ ಬಂಗುಡೆಯನ್ನೂ ಹೀಗೆಯೇ ಕಣ್ಣಂದಾಜಿಗೆ ಕೊಯ್ದು ಹಂಚಿ, ಒಂದು ಕಣ್ಣು ಮುಚ್ಚಿ ನೋಡಿ ತೀರ್ಪು ಕೊಟ್ಟೆ: "ಸಮ."

"ಸಮ ಅಲ್ಲ ಪಪ್ಪಾ," ಎಂದಳು ಪ್ರಾಪ್ತಿ.

ಪ್ರಾಪ್ತಿ ಐದನೇ ಕ್ಲಾಸು. ಆ ವಾರ ಅವಳಿಗೆ ಭಿನ್ನರಾಶಿಯ ಟೆಸ್ಟ್ ಇತ್ತು. ಕಲಿಸುವ ಹೊಣೆಯನ್ನು ನಾನು ಹೊತ್ತಿದ್ದೆ. ಯಾವುದು ದೊಡ್ಡದು ಯಾವುದು ಸಣ್ಣದು ಎಂದು ನೋಡಲು ಲೆಕ್ಕ ಯಾಕೆ, ಕಣ್ಣು ಸಾಕು ಎಂಬುದು ನನ್ನ ಸಿದ್ಧಾಂತ. ಮಣ್ಣಗುಡ್ಡದಲ್ಲಿ ನನ್ನದೊಂದು ಕರ್ಟನ್ ಅಂಗಡಿ ಉಂಟು. ಕಿಟಕಿಯನ್ನು ರಸ್ತೆಯಿಂದ ನೋಡಿಯೇ ಬಟ್ಟೆ ಕತ್ತರಿಸುವವನು ನಾನು.

"ಇದು ಐದರಲ್ಲಿ ಮೂರು. ಅದು ಎಂಟರಲ್ಲಿ ಐದು," ಎಂದಳು ಮಗಳು. "ತುಂಡುಗಳು ಒಂದೇ ಸೈಜ್ ಇಲ್ಲದೆ ಹೋಲಿಸ್ಲಿಕ್ಕೆ ಆಗುದಿಲ್ಲ. ಕೆಳಗಿನ ಸಂಖ್ಯೆ ಒಂದೇ ಮಾಡ್ಬೇಕು ಅಂತ ಟೀಚರ್ ಹೇಳಿದ್ದಾರೆ."

"ಟೀಚರ್ ಕರ್ಟನ್ ಹೊಲೀತಾರಾ? ಕಣ್ಣು ಉಂಟಲ್ಲ, ನೋಡು."

"ಕೆಳಮನೆಯ ಕಾರ್ಮಿನ್ ಬಾಯಿಯವರಿಗೂ ಕಣ್ಣು ಉಂಟು," ಎಂದಳು ವಿಜೇತಾ. "ನೀವು ಹೊಲಿದು ಕೊಟ್ಟ ಕರ್ಟನಿನ ಕೆಳಗಿಂದ ಅವರ ಕಾಲು ಇಡೀ ರಸ್ತೆಗೆ ಕಾಣ್ತದೆ."

"ಅದು ಈಗಿನ ಫ್ಯಾಷನ್!"

"ಮಾವಂದಿರ ಹತ್ರ ಫ್ಯಾಷನ್ ಮಾಡ್ಲಿಕ್ಕೆ ಹೋಗ್ಬೇಡಿ ಮಾರಾಯ್ರೆ. ಮಗು ಹೇಳಿದ ಹಾಗೆ ಒಮ್ಮೆ ನೋಡಿ."

ಐದನೇ ಕ್ಲಾಸಿನವಳ ಮಾತು ಕೇಳಿ ಯಜಮಾನಿಕೆ ಶುರು ಮಾಡುವುದೆ? ನಾನು ದೀಪ ಹಚ್ಚಿದೆ. ಕತ್ತಿಯನ್ನು ಅಲ್ಲೇ ಬಿಟ್ಟು ಹೊರಗೆ ಬಂದು ಬಾಗಿಲೆಳೆದೆ. ಸರಿಯಾಗಿ ಆ ಹೊತ್ತಿಗೆ ಕರೆಂಟ್ ಹೋಯಿತು.

ಮುಸ್ಸಂಜೆಯ ಮಸುಕು ಬೆಳಕು. ನಾವು ನಾಲ್ವರು ಚಾವಡಿಯಲ್ಲಿ ಚಾಪೆಯ ಮೇಲೆ ಕೂತೆವು. ಫೋನಿನಲ್ಲಿ ಮುಖೇಶನ ಮುಖ ನೀಲಿಯಾಗಿ ಹೊಳೆಯುತ್ತಿತ್ತು. ಮುಚ್ಚಿದ ಬಾಗಿಲಿನ ಕೆಳಗೆ ದೀಪದ ಬೆಳಕು ಒಂದು ಹಳದಿ ಗೆರೆಯಾಗಿತ್ತು. ನಾನು ಆ ಗೆರೆಯನ್ನೇ ನೋಡುತ್ತಿದ್ದೆ. ನೋಡುತ್ತಿದ್ದಂತೆ ಅದರ ಎಡಗಡೆ ಕಪ್ಪಾಯಿತು. ಮತ್ತೆ ಬೆಳಕಾಯಿತು. ಆಮೇಲೆ ಬಲಗಡೆ ಕಪ್ಪಾಯಿತು.

"ಗಾಳಿಗೆ ದೀಪ ಅಲುಗಾಡ್ತದೆ," ಎಂದು ಪಿಸುಗುಟ್ಟಿದೆ.

"ಆ ಕೋಣೆಗೆ ಕಿಟಕಿ ಇಲ್ಲ," ಎಂದಳು ವಿಜೇತಾ.

ಒಳಗೆ ಯಾರೋ ಕೆಮ್ಮಿದರು. ಒಣ ಕೆಮ್ಮು, ಮರಕ್ಕೆ ಮರ ಉಜ್ಜಿದ ಹಾಗೆ. ಪಕ್ಕದ ಮನೆಯದ್ದು ಎಂದು ಹೇಳಲು ನಾನು ಬಾಯಿ ತೆರೆದೆ. ಪಕ್ಕದ ಮನೆಗೆ ಬೀಗ ಹಾಕಿ ಅವರೆಲ್ಲ ಸುರತ್ಕಲ್ಲಿಗೆ ಮದುವೆಗೆ ಹೋದದ್ದು ನೆನಪಾಗಿ ಬಾಯಿ ಮುಚ್ಚಿದೆ.

ಆಮೇಲೆ ಸರ್ರ್ ಎಂದು ನೆಲದ ಮೇಲೆ ಎಲೆ ಎಳೆದ ಸದ್ದು. ನಿಂತಿತು. ಈಗ ಎದುರು ದಿಕ್ಕಿನಿಂದ ಇನ್ನೊಂದು ಸರ್ರ್.

ಅತ್ತೆ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದರು. ಬಸ್ಸು ಬಂತು ಎನ್ನುವಷ್ಟು ಸಹಜವಾಗಿ ಹೇಳಿದರು, "ಶುರುವಾಯ್ತು."

"ಎಂತ ಶುರುವಾಯ್ತು?"

"ಜಗಳ."

ಓಡಲು ಅನುಕೂಲವಾಗಲಿ ಎಂದು ಹೊಸ ಪಂಚೆಯನ್ನು ಎತ್ತಿ ಕಟ್ಟಿದೆ. ಆದರೂ ಯಜಮಾನ ಯಜಮಾನನೇ. ಎದ್ದು ಬಾಗಿಲ ಬಳಿ ಹೋಗಿ ಕೆಮ್ಮಿದೆ. ಕನ್ನಡಿಯ ಮುಂದೆ ಬಂದ ಕೆಮ್ಮು ಬರಲಿಲ್ಲ. ಕೋಳಿಮರಿಯ ಸ್ವರ ಬಂತು. ತಟ್ಟಿದೆ. ದೂಡಿದೆ. ಬಾಗಿಲು ಒಂದು ಬೆರಳಿನಷ್ಟು ಸರಿದು ನಿಂತಿತು. ಆ ಬಾಗಿಲಿಗೆ ಒಳಗಿನಿಂದ ಚಿಲಕವೇ ಇಲ್ಲ. ಇನ್ನೊಮ್ಮೆ ದೂಡಿದೆ. ಆಚೆಯಿಂದ ಬಾಗಿಲು ಮೆತ್ತಗೆ ನನ್ನನ್ನೇ ಹಿಂದಕ್ಕೆ ದೂಡಿತು. ಬೆನ್ನು ಕೊಟ್ಟು ಕೂತವರು ದೂಡುವ ಹಾಗೆ.

"ಮಳೆಗೆ ಮರ ಉಬ್ಬಿದೆ," ಎಂದೆ.

"ಹೌದೌದು," ಎಂದರು ಅತ್ತೆ. ಎದ್ದು ಬಂದು ಬಾಗಿಲಿಗೆ ಕಿವಿಯಿಟ್ಟರು. ಆ ಮನೆಯಲ್ಲಿ ಒಂದು ಆಯುಷ್ಯವಿಡೀ ಇಬ್ಬರ ನಡುವೆ ಮಾತು ಸಾಗಿಸಿದವರು ಅವರು, ಅಭ್ಯಾಸ ತಪ್ಪಿರಲಿಲ್ಲ. "ಮಾಯಿಲಣ್ಣ ಕೇಳ್ತಾನೆ, ಬಡಿಸಿದವ ಯಾರು ಅಂತ."

"ನಾನು ಅಂತ ಹೇಳ್ಬೇಡಿ," ಎಂದೆ.

"ಹೇಳಿ ಆಯ್ತು. ನನಗೆ ಕಡಿಮೆ ಆಗಿದೆ, ಸರಿ ಮಾಡದೆ ಬಾಗಿಲು ಬಿಡುವುದಿಲ್ಲ ಅಂತಾನೆ. ಕಿಟ್ಟಣ್ಣ ಹೇಳ್ತಾನೆ, ನನ್ನದರಿಂದ ಒಂದು ಚೂರೂ ಕೊಡುವುದಿಲ್ಲ ಅಂತ."

ನನಗೆ ಇದಾವುದೂ ಕೇಳಿಸಿರಲಿಲ್ಲ. ಆದರೆ ಬಾಗಿಲಿನ ಮರ ನನ್ನ ಅಂಗೈಯ ಕೆಳಗೆ ಉಸಿರಾಡುತ್ತಿತ್ತು.

"ಈಗ ಎಂತ ಮಾಡುದು ಅಮ್ಮ?" ವಿಜೇತಾಳ ಸ್ವರ ಸಣ್ಣದಾಗಿತ್ತು.

"ಹಿಂದೊಮ್ಮೆ ಹೀಗೆ ಆದಾಗ ಬಾಗಿಲು ಮುಂದಿನ ಆಟಿಗೆ ತೆರೆದದ್ದು. ಆ ವರ್ಷ ಇಡೀ ಮನೆಯಲ್ಲಿ ಬೇಯಿಸಿದ್ದು ಯಾವುದೂ ಬೇಯಲಿಲ್ಲ." ಅತ್ತೆ ನನ್ನ ಕಡೆ ತಿರುಗಿದರು. "ಅಳಿಯಂದಿರೇ, ಸಮ ಅಂದ್ರಲ್ಲ. ಹೇಗೆ ಸಮ ಅಂತ ಅವರಿಗೆ ಹೇಳಿ."

ನಾನು ಬಾಗಿಲಿಗೆ ಹೇಳಿದೆ, "ಮಾವಂದಿರೇ, ಅದು... ನೋಡುವಾಗ ಸಮ."

ಒಳಗೆ ಹಿತ್ತಾಳೆ ತಟ್ಟೆಯೊಂದು ಗೋಡೆಗೆ ಬಡಿದು, ಗಿರ್ರನೆ ತಿರುಗಿ, ತಿರುಗಿ, ತಿರುಗಿ ನಿಂತಿತು. ನಾನು ಚಾಪೆಯ ಮೇಲಿದ್ದೆ. ಹೇಗೆ ಬಂದೆನೋ ಗೊತ್ತಿಲ್ಲ.

ಆಗ ಪ್ರಾಪ್ತಿ ಎದ್ದಳು. ಬಾಗಿಲ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಪಕ್ಕದ ಬೆಂಚಿನವರಿಗೆ ಹೇಳಿಕೊಡುವವಳ ಹಾಗೆ ಶುರುಮಾಡಿದಳು.

"ಅಜ್ಜಾ, ಪಪ್ಪ ಹೇಳಿದ್ದು ಬಿಡಿ. ಮಾಯಿಲಪ್ಪಜ್ಜನ ತಟ್ಟೆಯಲ್ಲಿ ಮೊದಲು ಉದ್ದುದ್ದಕ್ಕೆ ಐದು ತುಂಡು ಇತ್ತು ಅಲ್ವಾ? ಒಂದೊಂದನ್ನೂ ಅಡ್ಡಕ್ಕೆ ಎಂಟು ಚೂರು ಮಾಡಿದ್ರೆ ಇಡೀ ತಟ್ಟೆಗೆ ಎಷ್ಟು? ನಲವತ್ತು. ಕಿಟ್ಟಜ್ಜನ ತಟ್ಟೆಯಲ್ಲಿ ಎಂಟು ತುಂಡು ಇತ್ತು. ಒಂದೊಂದನ್ನೂ ಅಡ್ಡಕ್ಕೆ ಐದು ಚೂರು ಮಾಡಿದ್ರೆ? ಅದೂ ನಲವತ್ತು. ತಟ್ಟೆ ಎರಡೂ ಒಂದೇ ಅಳತೆ. ಹಾಗಾಗಿ ಈಗ ಇಬ್ಬರ ಚೂರೂ ಒಂದೇ ಸೈಜ್. ಅರ್ಥ ಆಯ್ತಾ?"

ಬಾಗಿಲಿನ ಕೆಳಗಿನ ಹಳದಿ ಗೆರೆಯಲ್ಲಿ ಎರಡು ನೆರಳುಗಳು ಹತ್ತಿರ ಬಂದು ನಿಂತವು.

"ಈಗ ಮಾಯಿಲಪ್ಪಜ್ಜನ ಎಲೆಯಲ್ಲಿ ಉಳಿದದ್ದು ಮೂರು ತುಂಡು. ಮೂರೆಂಟ್ಲಿ ಇಪ್ಪತ್ತನಾಲ್ಕು ಚೂರು. ಕಿಟ್ಟಜ್ಜನ ಎಲೆಯಲ್ಲಿ ಐದು ತುಂಡು. ಐದೈದ್ಲಿ ಇಪ್ಪತ್ತೈದು. ನಲವತ್ತರಲ್ಲಿ ಇಪ್ಪತ್ತನಾಲ್ಕು, ನಲವತ್ತರಲ್ಲಿ ಇಪ್ಪತ್ತೈದು. ಕಿಟ್ಟಜ್ಜನಿಗೆ ಒಂದು ಚೂರು ಜಾಸ್ತಿ."

"ಮಾಯಿಲಣ್ಣ ಹೇಳ್ತಾನೆ, ನನಗೆ ಆಗಲೇ ಗೊತ್ತಿತ್ತು ಅಂತ," ಎಂದರು ಅತ್ತೆ. ಸ್ವಲ್ಪ ಹೊತ್ತು ಕಿವಿಗೊಟ್ಟು, "ಕಿಟ್ಟಣ್ಣ ಕೇಳ್ತಾನೆ, ಆ ಒಂದು ಚೂರನ್ನು ಎಂತ ಮಾಡುವುದು ಅಂತ."

"ಒಬ್ಬರ ತಟ್ಟೆಯಿಂದ ಇನ್ನೊಬ್ಬರಿಗೆ ಹೋಗ್ಬಾರದು ಅಂತ ಉಂಟಲ್ಲ. ಹಾಗಾಗಿ ಅದನ್ನು ಇಬ್ಬರೂ ತಿನ್ಬೇಡಿ. ಬೇರೆ ಯಾರಿಗಾದ್ರೂ ಕೊಡಿ. ಆಗ ಇಪ್ಪತ್ತನಾಲ್ಕು, ಇಪ್ಪತ್ತನಾಲ್ಕು."

ಒಳಗೆ ಕತ್ತಿ ಎಲೆಗೆ ತಾಗಿದ ಸದ್ದಾಯಿತು. ಟಕ್. ಟಕ್. ಯಾವ ಅವಸರವೂ ಇಲ್ಲದ ಕೈ. ಆಮೇಲೆ ಬಾಳೆಎಲೆ ಹರಿದ ಸದ್ದು.

ಬಾಗಿಲು ತಾನಾಗಿ ತೆರೆಯಿತು.

ಕೋಣೆಯಲ್ಲಿ ಯಾರೂ ಇರಲಿಲ್ಲ. ದೀಪ ಅಲುಗಾಡದೆ ಉರಿಯುತ್ತಿತ್ತು. ಎಡಗಡೆಯ ಎಲೆಯಲ್ಲಿ ಮಣ್ಣಿ ಇಪ್ಪತ್ತನಾಲ್ಕು ಚೂರಾಗಿ ಸಾಲಾಗಿ ಕೂತಿತ್ತು. ಬಲಗಡೆಯದ್ದರಲ್ಲೂ ಇಪ್ಪತ್ತನಾಲ್ಕು. ಪ್ರಾಪ್ತಿ ಬೆರಳಿಟ್ಟು ಎಣಿಸಿ, "ಸರಿ ಉಂಟು," ಎಂದು ಟೀಚರಿನ ಹಾಗೆ ತಲೆಯಾಡಿಸಿದಳು. ನನಗೆ ವಾರವಿಡೀ ಹಿಡಿದರೂ ಹತ್ತದ ಪಾಠ ಅವರಿಗೆ ಒಂದೇ ಸಲಕ್ಕೆ ಹತ್ತಿತ್ತು.

ಇಪ್ಪತ್ತೈದನೆಯ ಚೂರು ಹೊಸಿಲ ಬಳಿ ಇತ್ತು. ಯಾರೋ ಎಲೆಯ ತುದಿಯನ್ನು ಹರಿದು, ಅದರ ಮೇಲೆ ಆ ಚೂರನ್ನಿಟ್ಟು, ಹೊರಗೆ ನಿಂತವನ ಕಡೆಗೆ ಮುಖ ಮಾಡಿ ಇರಿಸಿದ್ದರು. ಹೊರಗೆ ನಿಂತವನು ನಾನು.

"ನಿಮಗೆ," ಎಂದರು ಅತ್ತೆ. ಅವರ ಸ್ವರದಲ್ಲಿ ನಾನು ಇಷ್ಟು ವರ್ಷ ಕೇಳದ ಗೌರವವಿತ್ತು. "ಒಳಗಿನಿಂದ ನಿಮಗೆ ಪಾಲು ಬಂದಿದೆ."

ಓದುಗರೇ, ಆ ಕ್ಷಣದಲ್ಲಿ ನನ್ನ ಭಯವೆಲ್ಲ ಎಲ್ಲಿ ಹೋಯಿತೋ! ಈ ಮನೆಯ ಹಿರಿಯರು, ಜೀವಂತರಿಗಿಂತ ಮೇಲಿನವರು, ನನ್ನನ್ನು ಒಳಗಿನವನೆಂದು ಒಪ್ಪಿದ್ದರು. ಸಣ್ಣ ಪಾಲೇ ಇರಬಹುದು, ನಲವತ್ತರಲ್ಲಿ ಒಂದು. ಆದರೂ ಪಾಲು ಪಾಲೇ.

"ತಿನ್ಬೇಡಿ," ಎಂದು ವಿಜೇತಾ ನನ್ನ ಕೈ ಹಿಡಿದಳು. "ನನಗೆ ಎಂತದೋ ಸರಿ ಕಾಣುದಿಲ್ಲ."

"ನಿನಗೆ ಹೊಟ್ಟೆಕಿಚ್ಚು," ಎಂದೆ. ಫೋನನ್ನು ಎತ್ತಿ ಹಿಡಿದು ಮುಖೇಶನಿಗೆ ತೋರಿಸಿದೆ. "ನೋಡು ಮುಖೇಶಾ, ಯಾರಿಗೆ ಬಂತು ಅಂತ!"

ಮುಖೇಶ ಎದೆಯ ಮೇಲೆ ಕೈಯಿಟ್ಟುಕೊಂಡ. "ತಿನ್ನಿ ಭಾವ, ತಿನ್ನಿ! ಬೇಗ ತಿನ್ನಿ!"

ಬಾಯಿಗೆ ಹಾಕಿಕೊಂಡೆ. ನಮ್ಮ ಮಣ್ಣಿಯೇ. ಆದರೆ ಕೊಯ್ಯುವಾಗ ಅದು ಉಗುರುಬೆಚ್ಚಗಿತ್ತು. ಇದು ಬಾವಿಯ ತಳದ ಕಲ್ಲಿನ ಹಾಗೆ ತಣ್ಣಗೆ. ಗಂಟಲಲ್ಲಿ ಇಳಿದದ್ದು ಹೊಟ್ಟೆಯವರೆಗೂ ಗೊತ್ತಾಯಿತು.

"ದೇವರೇ, ಬದುಕಿದೆ," ಎಂದ ಮುಖೇಶ. "ಕಳೆದ ವರ್ಷ ಆ ಪಾಲು ಹೊಸಿಲಲ್ಲಿ ನನಗೆ ಬಂದಿತ್ತು ಭಾವ. ಕಾಣದವನ ಹಾಗೆ ದಾಟಿ ಬಂದುಬಿಟ್ಟೆ. ರಜೆ ಇಲ್ಲ ಅಂದದ್ದು ಸುಳ್ಳು. ನೀವು ದೊಡ್ಡ ಮನುಷ್ಯ ಭಾವ!" ಎಂದವನೇ ಕಾಲ್ ಕಟ್ ಮಾಡಿದ.

ನಾನು ಅತ್ತೆಯನ್ನು ನೋಡಿದೆ. ಅವರು ಸೊಂಟದ ಕೀಲಿಗೊಂಚಲು ಸರಿಪಡಿಸಿಕೊಳ್ಳುತ್ತಾ ಹೇಳಿದರು, "ಒಳಗಿನಿಂದ ಪಾಲು ತಿಂದವರು ಒಳಗೆ ಕೂರಬೇಕು. ಬಾಗಿಲು ಮುಚ್ಚಿದ ಮೇಲೆ, ಇಬ್ಬರ ನಡುವೆ. ಪಾಲು ಸರಿ ಉಂಟಾ ಅಂತ ನೋಡ್ಲಿಕ್ಕೆ ಒಬ್ಬರು ಬೇಕಲ್ಲ. ಹಿಂದಿನ ಕಾಲದವರ ನಡುವೆ ನನ್ನ ಅಜ್ಜಿಯ ಗಂಡ ಹಾಗೆ ಕೂರ್ತಿದ್ರು."

"ಅವರಿಗೆ ಮತ್ತೆ ಎಂತ ಆಯ್ತು?"

"ಎಂತ ಆಗ್ತದೆ? ಮೊದಲು ಜೀವ ಇದ್ದು ಕೂತರು. ಆಮೇಲೆ ಹಾಗೇ ಕೂತರು."

"ಅತ್ತೆ, ನನಗೆ ಎಲೆ ಒರೆಸುವುದೇ ಅಭ್ಯಾಸ..."

"ತಿಂದು ಆಯ್ತಲ್ಲ. ಬಡಿಸುವುದು ಇನ್ನು ಪ್ರಾಪ್ತಿ. ಹೇಗೂ ಮನೆ ಅವಳದ್ದೇ."

"ಮುಂದಿನ ವರ್ಷ ನೋಡುವ ಅಲ್ವಾ..."

"ಮುಂದಿನ ವರ್ಷ ಎಂತಕ್ಕೆ? ಜಗಳದಲ್ಲಿ ಅವರ ಊಟ ಇನ್ನೂ ಶುರುವೇ ಆಗಿಲ್ಲ. ಹೋಗಿ, ಕೂತ್ಕೊಳ್ಳಿ. ಪಾಪ, ಹಸಿದಿದ್ದಾರೆ."

ಪ್ರಾಪ್ತಿ ಎರಡು ಎಲೆಗಳ ನಡುವೆ ನನಗೊಂದು ಮಣೆ ಹಾಕಿದಳು. ಅಳತೆ ನೋಡಿ, ಸರಿಯಾಗಿ ನಡುವಿಗೆ. ವಿಜೇತಾ ನನ್ನ ಪಂಚೆ ಸರಿಮಾಡಿ, ಕಣ್ಣು ಒರೆಸಿಕೊಂಡು, "ಕೂರುವಾಗ ಬೆನ್ನು ನೆಟ್ಟಗೆ ಇರ್ಲಿ. ಅವರಿಗೆ ಬೆನ್ನು ಬಗ್ಗಿಸಿ ಕೂತರೆ ಆಗುದಿಲ್ಲ," ಎಂದಳು. ಬಾಗಿಲು ಮುಚ್ಚಿತು. ಹೊರಗೆ ಅವಳು ಹೇಳುವುದು ಕೇಳಿಸಿತು, "ಮಾತಾಡ್ಬೇಡ ಮಗಾ. ಅವರು ಊಟ ಮಾಡ್ಲಿ."

ಅವರು. ಆ ಮಾತಿನಲ್ಲಿ ಈಗ ನಾನೂ ಸೇರಿದ್ದೆ.

ದೀಪದ ಎದುರು ನಾನೊಬ್ಬನೇ ಕೂತಿದ್ದೆ. ಗೋಡೆಯ ಮೇಲೆ ಮೂರು ನೆರಳಿತ್ತು. ಕಣ್ಣು ಮುಚ್ಚಿದೆ. ಎಡಗಡೆ ಸರ್ರ್. ಬಲಗಡೆ ಸರ್ರ್. ತೆರೆದು ನೋಡಿದಾಗ ಕೈಗೆಟುಕದಷ್ಟು ದೂರವಿದ್ದ ಎಲೆಗಳೆರಡೂ ನನ್ನ ಮೊಣಕಾಲಿಗೆ ತಾಗಿ ನಿಂತಿದ್ದವು. ಮಣ್ಣಿಯ ತಕರಾರು ಮುಗಿದಿತ್ತು. ಈಗ ಒಂದೊಂದು ಎಲೆಯ ತುದಿಯಲ್ಲೂ ನಾನೇ ಕಣ್ಣಂದಾಜಿಗೆ ಕೊಯ್ದು ಹಾಕಿದ್ದ ಬಂಗುಡೆಯ ತುಂಡುಗಳು ಮುಂದೆ ಬಂದಿದ್ದವು. ಇಲ್ಲಿ ಏಳು ತುಂಡಿನಲ್ಲಿ ನಾಲ್ಕು. ಅಲ್ಲಿ ಒಂಬತ್ತರಲ್ಲಿ ಐದು.

ಎರಡೂ ಕಿವಿಯ ಹತ್ತಿರ ತಣ್ಣಗಿನ ಉಸಿರು ನನ್ನ ತೀರ್ಪಿಗಾಗಿ ಕಾಯುತ್ತಿತ್ತು.

ಮನೆಯ ಹಿರಿಯನ ಸ್ಥಾನದಲ್ಲಿ ಕೂತು, ಜೀವವಿದ್ದಷ್ಟು ಸ್ವರ ತೆಗೆದು ನಾನು ಕೂಗಿದೆ:

"ಪ್ರಾಪ್ತೀ! ಏಳೊಂಬತ್ಲಿ ಎಷ್ಟು ಮಗಾ?"